ಮೂರು ಫೋನ್ ಹೋದಮೇಲೆ ನಾಲ್ಕನೆಯದು: ಮಗಳಿಗೊಂದು ಪತ್ರ

ಪುಟ್ಟಿ,

ಅಂಗಡಿಗೆ ಹೋಗುವ ಮೊದಲು, ಹಿಂದಿನ ಮೂರೂ ಹೇಗೆ ಹೋದವು ಎಂದು ಒಮ್ಮೆ ಲೆಕ್ಕ ಹಾಕು. ಮೊದಲನೆಯದರ ಡಿಸ್‌ಪ್ಲೇ ಒಡೆಯಿತು. ಎರಡನೆಯದಕ್ಕೆ ಮಳೆನೀರು ನುಗ್ಗಿತು. ಮೂರನೆಯದರ ಚಾರ್ಜಿಂಗ್ ಪಿನ್ ಸಡಿಲವಾಯಿತು, ಆಮೇಲೆ ಬ್ಯಾಟರಿ ಉಬ್ಬಿತು. ‘ಗಟ್ಟಿ ಫೋನ್ ಕೊಡಿ’ ಎಂದು ಕೇಳಿದರೆ ಅಂಗಡಿಯವರು ಯಾವುದೋ ಗ್ಲಾಸಿನ ಹೆಸರು ಹೇಳುತ್ತಾರೆ. ಆ ಗ್ಲಾಸು ನೀರನ್ನು ತಡೆಯುವುದಿಲ್ಲ, ಪಿನ್ನನ್ನೂ ಉಳಿಸುವುದಿಲ್ಲ. ಮೂರು ರೋಗಕ್ಕೆ ಮೂರು ಮದ್ದು ಬೇಕು. ಅದಕ್ಕೇ ಇಷ್ಟು ಉದ್ದದ ಕಾಗದ.

ಡಿಸ್‌ಪ್ಲೇಯಿಂದ ಶುರು ಮಾಡೋಣ, ದುಡ್ಡು ಹೆಚ್ಚು ಸೋರುವುದು ಅಲ್ಲೇ. ಗಾಜು ಒತ್ತಡವನ್ನು ಚೆನ್ನಾಗಿ ತಾಳುತ್ತದೆ, ಬಾಗಿಸಿದರೆ ತಾಳುವುದಿಲ್ಲ. ಫೋನ್ ಮೂಲೆ ಮೇಲೆ ಬಿದ್ದಾಗ ಚೌಕಟ್ಟು ಒಂದು ಕ್ಷಣ ಬಾಗುತ್ತದೆ; ಗಾಜಿನ ಮೇಲೆ ಮೊದಲೇ ಇದ್ದ, ಕಣ್ಣಿಗೆ ಕಾಣದ ಗೀರಿನಿಂದ ಬಿರುಕು ಹೊರಡುತ್ತದೆ. ಆ ಗೀರು ಹೆಚ್ಚಾಗಿ ಬೀಗದ ಕೈಯಿಂದ ಬರುವುದಲ್ಲ, ಬ್ಯಾಗಿನ ತಳದಲ್ಲಿರುವ ಮರಳಿನಿಂದ. ಮರಳಿನಲ್ಲಿರುವ ಕ್ವಾರ್ಟ್ಜ್‌ ಎಂಬ ಖನಿಜದ ಗಡಸುತನ ಮೋಸ್ ಅಳತೆಯಲ್ಲಿ (ಸಂಖ್ಯೆ ಹೆಚ್ಚಿದಷ್ಟೂ ಗಡಸು) 7. ಫೋನ್ ಗಾಜು ಸುಮಾರು 6ಕ್ಕೇ ಗೀರು ಬೀಳಿಸಿಕೊಳ್ಳುತ್ತದೆ. ಬ್ಯಾಗಿನಲ್ಲಿ ಫೋನಿಗೆಂದೇ ಒಂದು ಖಾನೆ ಇಟ್ಟುಕೊಂಡು ಅದನ್ನು ಆಗಾಗ ಕೊಡವಿಬಿಡು.

ಕೊಳ್ಳುವಾಗ ಅಂಚು ಬಾಗಿದ ಡಿಸ್‌ಪ್ಲೇ ಬೇಡವೇ ಬೇಡ. ನೋಡಲು ಚೆಂದ, ಆದರೆ ಪೌಚಿನ ಅಂಚು ಅದನ್ನು ಸರಿಯಾಗಿ ಕಾಯುವುದಿಲ್ಲ, ಟೆಂಪರ್ಡ್ ಗ್ಲಾಸೂ ಅಂಚಿನಲ್ಲಿ ಎದ್ದುಬರುತ್ತದೆ. ಚಪ್ಪಟೆ ಡಿಸ್‌ಪ್ಲೇ, ಪ್ಲಾಸ್ಟಿಕ್ ಬೆನ್ನು ಇರುವುದನ್ನು ತೆಗೆದುಕೋ. ಪ್ಲಾಸ್ಟಿಕ್ ಬೆನ್ನು ಅಗ್ಗ ಎಂದು ಮೂಗು ಮುರಿಯುವವರು ಮುರಿಯಲಿ, ಅದು ಗಾಜಿನಂತೆ ಚೂರಾಗುವುದಿಲ್ಲ. ತೂಕ 200 ಗ್ರಾಂ ಮೀರದಿರಲಿ. ಭಾರ ಹೆಚ್ಚಿದಷ್ಟೂ ಬೀಳುವ ಪೆಟ್ಟು ಜಾಸ್ತಿ. ಒಂದೇ ಕೈಯಲ್ಲಿ ಹಿಡಿದು ಹೆಬ್ಬೆರಳನ್ನು ಮೇಲಿನ ಎದುರು ಮೂಲೆಗೆ ಚಾಚಿ ನೋಡು. ಹಿಡಿತ ಬದಲಿಸದೆ ಮುಟ್ಟಲು ಆಗದಿದ್ದರೆ ಆ ಫೋನ್ ಇವತ್ತಲ್ಲ ನಾಳೆ ಕೈಜಾರುತ್ತದೆ. ಪೌಚು ಹಾಕಿದ ಮೇಲೆ ಒಂದು ಎಟಿಎಂ ಕಾರ್ಡನ್ನು ಡಿಸ್‌ಪ್ಲೇಗೆ ಅಡ್ಡಲಾಗಿ ಇಡು. ಕಾರ್ಡು ಗಾಜಿಗೆ ತಾಗಿದರೆ ಪೌಚಿನ ಅಂಚು ಸಾಲದು. ಸುಮಾರು ಒಂದು ಮಿ.ಮೀ. ಎತ್ತರ ಬೇಕು. ಕ್ಯಾಮೆರಾ ಕಡೆಯೂ ಹೀಗೇ ನೋಡು.

‘ಮಿಲಿಟರಿ ಗ್ರೇಡ್’ ಎಂಬ ಮಾತಿಗೆ ಮರುಳಾಗಬೇಡ. ಅದಕ್ಕೆ ಅವರು ಆಧಾರವಾಗಿ ತೋರಿಸುವ ಎಂಐಎಲ್-ಎಸ್‌ಟಿಡಿ-810ಎಚ್ ಎನ್ನುವುದು ಅಮೆರಿಕದ ರಕ್ಷಣಾ ಇಲಾಖೆಯ ಪರೀಕ್ಷಾ ವಿಧಾನಗಳ ಕಟ್ಟು. ಅದರಲ್ಲಿ ಯಾವ ಪರೀಕ್ಷೆ ಮಾಡಬೇಕೆಂದು ಫೋನ್ ಕಂಪನಿಯೇ ಆರಿಸಿಕೊಳ್ಳುತ್ತದೆ, ಸೇನೆಯವರು ಯಾರೂ ಬಂದು ಮುದ್ರೆ ಒತ್ತುವುದಿಲ್ಲ. ಇದಕ್ಕಿಂತ ಉಪಯೋಗಕ್ಕೆ ಬರುವುದು ಐರೋಪ್ಯ ಒಕ್ಕೂಟದ ಲೇಬಲ್. 2025ರ ಜೂನ್ 20ರಿಂದ ಅಲ್ಲಿ ಮಾರಾಟಕ್ಕೆ ಬರುವ ಹೊಸ ಫೋನುಗಳಿಗೆ ಬೀಳುವಿಕೆ ತಾಳುವ ದರ್ಜೆ, ರಿಪೇರಿಯ ದರ್ಜೆ, ಬ್ಯಾಟರಿ ಎಷ್ಟು ಬಾರಿ ಚಾರ್ಜ್ ತಾಳುತ್ತದೆ ಎಂಬ ಲೆಕ್ಕ, ಎಲ್ಲವನ್ನೂ ಲೇಬಲ್ ಮೇಲೆ ತೋರಿಸಬೇಕು. ಇಪಿಆರ್‌ಇಎಲ್ (EPREL) ಎಂಬ ಅವರ ದತ್ತಾಂಶ ತಾಣ ಎಲ್ಲರಿಗೂ ತೆರೆದಿದೆ. ನಿನಗೆ ಹಿಡಿಸಿದ ಮಾಡೆಲ್ ಅಲ್ಲೂ ಮಾರಾಟವಾಗುತ್ತಿದ್ದರೆ ಹುಡುಕಿ ನೋಡು. ಮಾಡೆಲ್ ಸಂಖ್ಯೆಯ ಕೊನೆಯ ಅಕ್ಷರ ಬೇರೆ ಇದ್ದರೆ ಒಳಗಿನ ಭಾಗಗಳೂ ಬೇರೆ ಇರಬಹುದು, ಅದೊಂದು ಗಮನದಲ್ಲಿರಲಿ.

ಇನ್ನೊಂದು ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ, ನೀನು ಕೇಳು: ಇದರ ಡಿಸ್‌ಪ್ಲೇ ಹಾಕಿಸಲು ಎಷ್ಟು? ಕೊಂಡ ಮೇಲಲ್ಲ, ಕೊಳ್ಳುವ ಮೊದಲು. ಹಲವು ಕಂಪನಿಗಳು ಬಿಡಿಭಾಗಗಳ ಬೆಲೆಯನ್ನು ತಮ್ಮ ವೆಬ್‌ಸೈಟಿನಲ್ಲೇ ಹಾಕಿರುತ್ತವೆ. ಇಲ್ಲದಿದ್ದರೆ ಸರ್ವಿಸ್ ಸೆಂಟರ್‌ಗೆ ಫೋನ್ ಮಾಡು. ಆ ಬೆಲೆ ಫೋನಿನ ಬೆಲೆಯ ಮೂರರಲ್ಲೊಂದು ಪಾಲು ಮೀರಿದರೆ ನಾನಾದರೆ ಆ ಮಾಡೆಲನ್ನೇ ಕೈಬಿಡುತ್ತೇನೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅರ್ಧ ದರಕ್ಕೆ ಸಿಗುತ್ತದಲ್ಲ ಎನ್ನುತ್ತೀಯ. ಸಿಗುತ್ತದೆ, ಆದರೆ ಅಮೊಲೆಡ್ (ಪ್ರತಿ ಚುಕ್ಕಿಯೂ ತಾನೇ ಬೆಳಗುವ ಡಿಸ್‌ಪ್ಲೇ) ಇದ್ದ ಜಾಗಕ್ಕೆ ಎಷ್ಟೋ ಸಲ ‘ಇನ್‌ಸೆಲ್’ ಎಂಬ ಎಲ್‌ಸಿಡಿ (ಹಿಂದಿನಿಂದ ಬೆಳಕು ಬೀಳುವ ಡಿಸ್‌ಪ್ಲೇ) ಕಾಪಿ ಕೂರಿಸುತ್ತಾರೆ. ಅದು ದಪ್ಪ, ಕಪ್ಪು ಬಣ್ಣ ಬೂದಿಯಾಗಿ ಕಾಣುತ್ತದೆ, ಡಿಸ್‌ಪ್ಲೇ ಒಳಗಿನ ಬೆರಳಚ್ಚು ಸೆನ್ಸರ್ ಕೆಲಸ ಮಾಡುವುದಿಲ್ಲ. ಕಾಪಿಯೋ ಅಲ್ಲವೋ ತಿಳಿಯಲು ಕತ್ತಲಲ್ಲಿ ಪೂರ್ತಿ ಕಪ್ಪು ಚಿತ್ರ ತೆರೆದು ನೋಡಿದರೆ ಸಾಕು: ಅಮೊಲೆಡ್ ಆದರೆ ಬೆಳಕೇ ಇರುವುದಿಲ್ಲ, ಎಲ್‌ಸಿಡಿ ಆದರೆ ಮಂಕಾಗಿ ಹೊಳೆಯುತ್ತದೆ.

ಈಗ ನೀರು. ಫೋನ್ ಧೂಳು, ನೀರನ್ನು ಎಷ್ಟು ತಡೆಯುತ್ತದೆ ಎಂದು ಹೇಳುವುದು ಐಪಿ ಸಂಖ್ಯೆ; ಅದರಲ್ಲಿ ಮೊದಲ ಅಂಕಿ ಧೂಳಿಗೆ, ಎರಡನೆಯದು ನೀರಿಗೆ. ಐಪಿ54 ಎಂದರೆ ಹನಿ ಸಿಡಿದರೆ ಪರವಾಗಿಲ್ಲ ಎಂದಷ್ಟೇ. ಆಗುಂಬೆ ಕಡೆಯ ಮಳೆಗೆ ಅದು ಸಾಲುವುದಿಲ್ಲ. ಐಪಿ67 ಎಂದರೆ ಒಂದು ಮೀಟರ್ ಆಳದಲ್ಲಿ 30 ನಿಮಿಷ. ಐಪಿ68 ಅದಕ್ಕಿಂತ ಮೇಲೆ, ಎಷ್ಟು ಆಳ ಎಂದು ಕಂಪನಿ ಹೇಳುತ್ತದೆ. ಇದೆಲ್ಲ ಹೊಸ ಫೋನಿಗೆ, ಸಿಹಿನೀರಿನಲ್ಲಿ. ಸಮುದ್ರದ ನೀರು, ಸೋಪುನೀರು ಬೇರೆ ಲೆಕ್ಕ. ನೀರು ತಡೆಯುವುದು ಒಳಗಿನ ಅಂಟು, ರಬ್ಬರ್ ಉಂಗುರಗಳು. ಒಮ್ಮೆ ಡಿಸ್‌ಪ್ಲೇ ಬದಲಿಸಿದರೆ ಆ ಅಂಟನ್ನು ಹೊಸದಾಗಿ ಸರಿಯಾಗಿ ಕೂರಿಸಬೇಕು, ಬೀದಿ ಅಂಗಡಿಗಳಲ್ಲಿ ಅದನ್ನು ಸಾಮಾನ್ಯವಾಗಿ ಮಾಡುವುದಿಲ್ಲ. ಸಿಮ್ ಟ್ರೇ ಎಳೆದಾಗ ಅದರ ಸುತ್ತ ತೆಳ್ಳಗಿನ ರಬ್ಬರ್ ಇದೆಯೇ ನೋಡು, ಹರಿದಿದ್ದರೆ ಐಪಿ ಸಂಖ್ಯೆಗೆ ಬೆಲೆ ಇಲ್ಲ. ಇಷ್ಟಾದರೂ ನೀರಿಂದ ಕೆಟ್ಟರೆ ವಾರಂಟಿ ಸಾಮಾನ್ಯವಾಗಿ ಸಿಗುವುದಿಲ್ಲ. ಒಳಗೆ ನೀರು ತಾಗಿದರೆ ಕೆಂಪಾಗುವ ಚಿಕ್ಕ ಸ್ಟಿಕ್ಕರ್ ಇರುತ್ತದೆ, ಅವರು ಮೊದಲು ನೋಡುವುದು ಅದನ್ನೇ. ನೆನೆದರೆ ಆಫ್ ಮಾಡು, ಚಾರ್ಜಿಗೆ ಹಾಕಬೇಡ, ಅಕ್ಕಿ ಡಬ್ಬಕ್ಕೂ ಹಾಕಬೇಡ. ಅಕ್ಕಿಯ ಪುಡಿ ರಂಧ್ರಗಳಿಗೆ ಸೇರುತ್ತದೆ. ಫ್ಯಾನಿನ ಕೆಳಗೆ ಪಿನ್ ಕೆಳಮುಖ ಮಾಡಿ ಇಡು.

ಮೂರನೆಯ ಫೋನ್ ನಿಜಕ್ಕೂ ಸತ್ತಿಲ್ಲ ಎಂಬ ಅನುಮಾನ ನನಗೆ. ಕೇಬಲ್ ಪೂರ್ತಿ ಒಳಗೆ ಕೂರದಿದ್ದರೆ ಪಿನ್ ಹೋಯಿತು ಎಂದುಕೊಳ್ಳುತ್ತೇವೆ, ಬಹಳ ಸಲ ಜೇಬಿನ ಬಟ್ಟೆಯ ಧೂಳು ತಳದಲ್ಲಿ ಗಟ್ಟಿಯಾಗಿ ಕೂತಿರುತ್ತದೆ ಅಷ್ಟೆ. ಆಫ್ ಮಾಡಿ, ಮರದ ಹಲ್ಲುಕಡ್ಡಿಯಿಂದ ಅಂಚಿನಿಂದ ಮೆಲ್ಲಗೆ ಎಬ್ಬಿಸಿದರೆ ಬರುತ್ತದೆ. ನಡುವಿನ ನಾಲಿಗೆಯನ್ನು ಮುಟ್ಟಬಾರದು, ಸೂಜಿ ಬಳಸಬಾರದು. ಪಿನ್ನೇ ಹೋಗಿದ್ದರೂ ಬಹಳಷ್ಟು ಆಂಡ್ರಾಯ್ಡ್ ಫೋನುಗಳಲ್ಲಿ ಅದು ಬೇರೆಯೇ ಚಿಕ್ಕ ಬೋರ್ಡಿನ ಮೇಲಿರುತ್ತದೆ, ಕಡಿಮೆ ಖರ್ಚಿನಲ್ಲಿ ಬದಲಾಗುತ್ತದೆ. ಆದರೆ ಬ್ಯಾಟರಿ ಉಬ್ಬಿರುವಾಗ ಇದ್ಯಾವುದಕ್ಕೂ ಕೈಹಾಕಬೇಡ. ಚಾರ್ಜ್ ಮಾಡದೆ, ಒತ್ತದೆ ಸರ್ವಿಸ್ ಸೆಂಟರ್‌ಗೆ ಕೊಡು. ಪಿನ್ ಬೋರ್ಡು, ಬ್ಯಾಟರಿ ಎರಡೂ ಹಾಕಿಸಿದರೆ ಅದು ನಿನ್ನ ಸ್ಟ್ಯಾಂಡ್‌ಬೈ. ಹೊಸದನ್ನು ದಿಂಬಿನ ಕೆಳಗೆ ಚಾರ್ಜ್ ಮಾಡಬೇಡ. ಬ್ಯಾಟರಿ ಸೆಟ್ಟಿಂಗ್‌ನಲ್ಲಿ 80 ಶೇಕಡಕ್ಕೆ ನಿಲ್ಲಿಸುವ ಆಯ್ಕೆ ಇದ್ದರೆ ಹಾಕು. ಬಿಸಿ, ಪೂರ್ತಿ ಚಾರ್ಜ್, ಎರಡೂ ಸೇರಿದಾಗ ಬ್ಯಾಟರಿ ಬೇಗ ಮುಪ್ಪಾಗುತ್ತದೆ.

ಕ್ಯಾಮೆರಾ ನಿನ್ನಿಷ್ಟ. ಸ್ಕೂಟರ್ ಹ್ಯಾಂಡಲ್‌ಗೆ ಮಾತ್ರ ಸಿಕ್ಕಿಸಬೇಡ, ಚಿತ್ರ ಅಲುಗದಂತೆ ಹಿಡಿಯುವ ಲೆನ್ಸಿನ ವ್ಯವಸ್ಥೆ ಎಂಜಿನ್ ಅದುರುವಿಕೆಗೆ ಕೆಡಬಹುದು. ಸಾಫ್ಟ್‌ವೇರ್ ಅಪ್‌ಡೇಟ್ ಎಷ್ಟು ವರ್ಷ ಎಂದು ಕೇಳು. ಸ್ಯಾಮ್‌ಸಂಗ್ ಗ್ಯಾಲಕ್ಸಿ ಎ16 5ಜಿ, ಎ36 ಎರಡಕ್ಕೂ ಆರು ವರ್ಷ. ಮೊದಲನೆಯದು ಐಪಿ54, ಎರಡನೆಯದು ಐಪಿ67. ನಿನ್ನ ಓಡಾಟಕ್ಕೆ ಈ ಒಂದು ವ್ಯತ್ಯಾಸಕ್ಕಾಗಿ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಇಟ್ಟಿಗೆಯಂಥ ‘ರಗ್ಗಡ್’ ಫೋನುಗಳ ಕಡೆ ಹೋಗಬೇಡ. ಬಿದ್ದರೆ ಸುಲಭಕ್ಕೆ ಒಡೆಯುವುದಿಲ್ಲ ನಿಜ, ಒಡೆದರೆ ಇಲ್ಲಿ ಬಿಡಿಭಾಗ ಸಿಗುವುದು ಕಷ್ಟ.

ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವುದಾದರೆ *#06# ಒತ್ತಿ 15 ಅಂಕಿಯ ಐಎಂಇಐ, ಅಂದರೆ ಫೋನಿನ ಗುರುತಿನ ಸಂಖ್ಯೆ, ನೋಡು. ಕೆವೈಎಂ (KYM) ಎಂದು ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು ಆ ಸಂಖ್ಯೆ ಸೇರಿಸಿ 14422ಕ್ಕೆ ಎಸ್‌ಎಂಎಸ್ ಕಳಿಸು. ಕಪ್ಪುಪಟ್ಟಿಯಲ್ಲಿದ್ದರೆ ಗೊತ್ತಾಗುತ್ತದೆ. ಹೊಸದಾದರೆ ಆಕಸ್ಮಿಕ ಹಾನಿಯ ವಿಮೆಯನ್ನು ಕೊಂಡ ಕೂಡಲೇ ಮಾಡಿಸಬೇಕು, ತಡವಾದರೆ ಸಾಮಾನ್ಯವಾಗಿ ಕೊಡುವುದಿಲ್ಲ. ಸಹಿ ಹಾಕುವ ಮುನ್ನ ಎರಡು ಸಾಲು ಓದು: ಪ್ರತಿ ಸಲ ನಿನ್ನ ಕೈಯಿಂದ ಎಷ್ಟು, ವರ್ಷಕ್ಕೆ ಎಷ್ಟು ಕ್ಲೇಮು. ಮೂರು ಫೋನ್ ಕಂಡವಳಿಗೆ ಈ ದುಡ್ಡು ದಂಡವಲ್ಲ.

ಹಳೆಯ ಫೋನಿನ ವಾಟ್ಸಾಪ್ ಬ್ಯಾಕಪ್ ಮೊದಲು ತೆಗೆ. ಯುಪಿಐ ಹೊಸ ಫೋನಿನಲ್ಲಿ ನೋಂದಾಯಿಸುವಾಗ ಬ್ಯಾಂಕಿನ ಸಿಮ್ ಅದರಲ್ಲೇ ಇರಬೇಕು, ಎಸ್‌ಎಂಎಸ್ ಹೋಗುವಷ್ಟು ಬ್ಯಾಲೆನ್ಸೂ ಬೇಕು. ಮೊದಲ ದಿನ ಕಳಿಸುವ ಮೊತ್ತಕ್ಕೆ ಮಿತಿ ಇರುತ್ತದೆ, ಹಾಸ್ಟೆಲ್ ಫೀಸ್ ಕಟ್ಟುವ ದಿನವೇ ಬದಲಿಸಬೇಡ. ಬಿಲ್ಲಿನಲ್ಲಿ ಐಎಂಇಐ ಬರೆಸಿ ಅದರ ಫೋಟೋ ನನಗೆ ಕಳಿಸು. ಕಳೆದರೆ ಸಂಚಾರ್ ಸಾಥಿ ಎಂಬ ಸರ್ಕಾರಿ ತಾಣದಲ್ಲಿ ಬ್ಲಾಕ್ ಮಾಡಲು ಪೊಲೀಸ್ ದೂರಿನ ಪ್ರತಿಯ ಜೊತೆ ಆ ಸಂಖ್ಯೆಯೂ ಬೇಕಾಗುತ್ತದೆ.

ಅಮ್ಮ