ವಾಲಗದ ಯೋಗ

ಗೆಳೆಯಾ,

ಹೆಸರು ಹಾಕಬೇಡ ಅಂದಿದ್ದೆಯಲ್ಲ, ಹಾಕಿಲ್ಲ.

ಹೋದ ತಿಂಗಳು ಫೋನಿನಲ್ಲಿ ನೀನು ಗೇ, ಅಂದರೆ ಗಂಡಸರನ್ನೇ ಇಷ್ಟಪಡುವವನು ಅನ್ನೋ ವಿಷಯ ಹೇಳಿ ಮುಗಿಸಿದ ಮೇಲೆ ನೀನು ಒಂದು ಮಾತು ಸೇರಿಸಿದೆ. "ನಮ್ಮಂಥವರಿಗೆ ವಾಲಗ ಊದಿಸೋ ಯೋಗ ಇಲ್ಲ ಬಿಡೋ" ಅಂತ. ಹೇಳಿ ನಕ್ಕೆ. ನನಗೆ ನಗು ಬರಲಿಲ್ಲ. ಆಮೇಲೆ ಒಂದು ವಾರ ರಾತ್ರಿ ಕೂತು ಓದಿದೆ. ಕೇಳು, ನಿಮ್ಮವರಿಗೆ ಬ್ಯಾಂಡ್ ಇದೆ. ಒಂದಲ್ಲ, ಊರೂರಿಗೆ ಇದೆ.

ಇದನ್ನೆಲ್ಲ ಶುರುಮಾಡಿದವನು ಜಾನ್ ರೀಡ್ ಸಿಮ್ಸ್. ಅಮೆರಿಕದ ಕಾನ್ಸಾಸ್ ರಾಜ್ಯದಲ್ಲಿ ಸ್ಮಿತ್ ಸೆಂಟರ್ ಅಂತ ಪುಟ್ಟ ಊರು, ಅಲ್ಲಿಯವನು. ಆ ಕಡೆ ಸಣ್ಣ ಊರಿನಲ್ಲಿ ಶಾಲೆಯ ಬ್ಯಾಂಡ್ ಇಲ್ಲದೆ ಏನೂ ನಡೆಯುವುದಿಲ್ಲ. ಫುಟ್‌ಬಾಲ್ ಪಂದ್ಯಕ್ಕೂ ಅದೇ, ಜುಲೈ 4ರ ಸ್ವಾತಂತ್ರ್ಯ ದಿನದ ಮೆರವಣಿಗೆಗೂ ಅದೇ. ಸಿಮ್ಸ್ ಸ್ಯಾನ್ ಫ್ರಾನ್ಸಿಸ್ಕೊ ಕಡೆ ಬಂದು ಶಾಲೆಯಲ್ಲಿ ಸಂಗೀತದ ಮೇಷ್ಟ್ರಾಗಿದ್ದ.

ಕಾಲ ಚೆನ್ನಾಗಿರಲಿಲ್ಲ. 1977ರಲ್ಲಿ ಅನೀಟಾ ಬ್ರಯಂಟ್ ಎಂಬ ಗಾಯಕಿ ಫ್ಲೋರಿಡಾದಲ್ಲಿ ಟೊಂಕ ಕಟ್ಟಿ ನಿಂತು, ಗೇ ಜನರಿಗೆ ರಕ್ಷಣೆ ಕೊಡುತ್ತಿದ್ದ ಒಂದು ಸ್ಥಳೀಯ ಕಾನೂನನ್ನು ಮತ ಹಾಕಿಸಿ ತೆಗೆಸಿದ್ದಳು. ಮರುವರ್ಷ ಕ್ಯಾಲಿಫೋರ್ನಿಯಾದಲ್ಲಿ ಇನ್ನೊಂದು ಪ್ರಸ್ತಾಪ ಬಂತು. ಗೇ ಆದವರು ಸರ್ಕಾರಿ ಶಾಲೆಯಲ್ಲಿ ಪಾಠ ಮಾಡಕೂಡದು ಅಂತ. ಅಂದರೆ ಸಿಮ್ಸ್‌ನಂಥ ಮೇಷ್ಟ್ರುಗಳ ಬುಡಕ್ಕೇ ಕೊಡಲಿ.

ಅದಕ್ಕೆ ಅವನು ಭಾಷಣ ಮಾಡಲಿಲ್ಲ. ಬ್ಯಾಂಡ್ ಕಟ್ಟಿದ! ಹೆಸರೇನು ಗೊತ್ತಾ? 'ಸ್ಯಾನ್ ಫ್ರಾನ್ಸಿಸ್ಕೊ ಗೇ ಫ್ರೀಡಂ ಡೇ ಮಾರ್ಚಿಂಗ್ ಬ್ಯಾಂಡ್ ಅಂಡ್ ಟ್ವರ್ಲಿಂಗ್ ಕೋರ್'. ಮುಚ್ಚುಮರೆ ಇಲ್ಲ, ಹೆಸರಿನಲ್ಲೇ ಎಲ್ಲ ಇದೆ. 1978ರ ಜೂನ್ 25ರಂದು ಅದು ಮೊದಲ ಸಲ ಬೀದಿಗಿಳಿಯಿತು. ನಿಮ್ಮವರ ಗುರುತಾಗಿ ಗಿಲ್ಬರ್ಟ್ ಬೇಕರ್ ಮಾಡಿದ ಕಾಮನಬಿಲ್ಲಿನ ಬಾವುಟ ಮೊದಲು ಹಾರಿದ್ದೂ ಅದೇ ದಿನ, ಅದೇ ಊರಲ್ಲಿ. ಬಾವುಟ ಲೋಕಕ್ಕೆಲ್ಲ ಗೊತ್ತು. ಬ್ಯಾಂಡ್ ಯಾರಿಗೆ ಗೊತ್ತು, ಹೇಳು?

ನನಗಂತೂ ಬ್ಯಾಂಡೇ ಜಾಣತನ ಅನಿಸಿತು. ಘೋಷಣೆ ಕೂಗಿದರೆ ಆಗದವರು ಕಿಟಕಿ ಮುಚ್ಚುತ್ತಾರೆ. ಬ್ಯಾಂಡ್ ಬಂದರೆ ಅವರೇ ಕಿಟಕಿ ತೆಗೆಯುತ್ತಾರೆ. ನೋಡಿದರೆ ತಮ್ಮ ಮಕ್ಕಳು ಶಾಲೆಯಲ್ಲಿ ಹಾಕುವಂಥದ್ದೇ ಯೂನಿಫಾರ್ಮು, ಅದೇ ಟ್ರಂಪೆಟ್ಟು, ಅದೇ ಹೆಜ್ಜೆ. ಏನಂತ ಬೈಯುವುದು? ಇನ್ನೊಂದು ಮಾತು. ಗುಂಪಿನಲ್ಲಿ ನಡೆಯುವವನು ಕ್ಯಾಮರಾ ಕಂಡರೆ ಮುಖ ತಿರುಗಿಸಬಹುದು. ಟ್ಯೂಬಾದಂಥ ದೊಡ್ಡ ಕಹಳೆ ಹೊತ್ತವನು ಎಲ್ಲಿಗೆ ತಿರುಗುತ್ತಾನೆ?

ಟ್ವರ್ಲಿಂಗ್ ಅಂದರೆ ಬ್ಯಾಂಡಿನ ಮುಂದೆ ಕೋಲು ತಿರುಗಿಸುತ್ತಾ, ಮೇಲಕ್ಕೆಸೆದು ಹಿಡಿಯುತ್ತಾ ಹೋಗುವುದು. ಅದನ್ನು ಓದುವಾಗ ನಮ್ಮ ಶಾಲೆ ನೆನಪಾಯಿತು. ಆಗಸ್ಟ್ 15ಕ್ಕೆ ಮುಂದೆ ಕೋಲು ಹಿಡಿಯಲು ನಿನಗೆಷ್ಟು ಆಸೆ ಇತ್ತು. ನಿನ್ನ ನಡಿಗೆ ನೋಡಿ ಪಿಟಿ ಮೇಷ್ಟ್ರು ಏನೋ ಅಂದರು, ಇಡೀ ಮೈದಾನ ನಕ್ಕಿತು. ಬ್ಯೂಗಲ್ ಕೈಯಲ್ಲಿ ಹಿಡಿದುಕೊಂಡು ನಾನೂ ನಕ್ಕೆ. ನೀನು ಸುಮ್ನೆ ಹೋಗಿ ಸೈಡ್ ಡ್ರಮ್ ಹಾಕಿಕೊಂಡು ಹಿಂದಿನ ಸಾಲಿನಲ್ಲಿ ನಿಂತೆ. ಇದನ್ನು ಯಾವತ್ತೋ ಹೇಳಬೇಕಿತ್ತು. ತಪ್ಪಾಯ್ತು ಕಣೋ.

ಕಥೆಗೆ ಬರುತ್ತೇನೆ. ಆ ನವೆಂಬರ್‌ನಲ್ಲಿ ಮೇಷ್ಟ್ರುಗಳ ವಿರುದ್ಧದ ಪ್ರಸ್ತಾಪ ಬಿದ್ದುಹೋಯಿತು. ಅದಾಗಿ ಮೂರು ವಾರವೂ ಕಳೆದಿರಲಿಲ್ಲ, ನವೆಂಬರ್ 27ಕ್ಕೆ ಹಾರ್ವಿ ಮಿಲ್ಕ್ ಮತ್ತು ಅದೇ ಊರಿನ ಮೇಯರ್ ಮಾಸ್ಕೋನಿಯನ್ನು ಗುಂಡಿಟ್ಟು ಕೊಂದರು. ಮಿಲ್ಕ್ ತಾನು ಗೇ ಅಂತ ಎಲ್ಲರಿಗೂ ಹೇಳಿಯೇ ಚುನಾವಣೆ ಗೆದ್ದಿದ್ದವನು. ಆ ರಾತ್ರಿ ಜನ ಮೇಣದಬತ್ತಿ ಹಿಡಿದು ಸಿಟಿ ಹಾಲ್‌ಗೆ ಬಂದರು. ಸಿಮ್ಸ್ ಆಗಷ್ಟೇ ಕಟ್ಟಿದ್ದ ಗಂಡಸರ ಗಾಯನ ತಂಡ ಅಲ್ಲಿ ಮೆಟ್ಟಿಲ ಮೇಲೆ ನಿಂತು ಜರ್ಮನ್ ಸಂಗೀತಗಾರ ಮೆಂಡೆಲ್‌ಸನ್‌ನ ಪ್ರಾರ್ಥನೆ ಹಾಡಿತು. ಜನರ ಮುಂದೆ ಅವರು ಹಾಡಿದ್ದು ಅದೇ ಮೊದಲು.

ಲಾಸ್ ಏಂಜಲೀಸ್, ನ್ಯೂಯಾರ್ಕ್, ವಾಷಿಂಗ್ಟನ್‌ಗಳಲ್ಲೂ ಬ್ಯಾಂಡ್ ಹುಟ್ಟಿದವು. 1982ರಲ್ಲಿ ಇಂಥ ಬ್ಯಾಂಡುಗಳೆಲ್ಲ ಸೇರಿ ಒಂದು ಒಕ್ಕೂಟ ಮಾಡಿಕೊಂಡವು. ಬೀದಿಯಲ್ಲಿ ಮಾತ್ರವಲ್ಲ, ಸಭಾಂಗಣದಲ್ಲಿ ಕೂತು ಕಛೇರಿ ಕೊಡುವುದೂ ನಡೆಯಿತು. ಅಷ್ಟರಲ್ಲಿ ಏಡ್ಸ್ ಬಂತು. ಸಿಮ್ಸ್ 1984ರಲ್ಲಿ ಹೋದ. 37 ವರ್ಷ ಅಷ್ಟೇ. ನೀನೂ ಬ್ಯಾಂಡಿನಲ್ಲಿ ಇದ್ದವನು, ಸಾಲಿನಲ್ಲಿ ಒಬ್ಬ ಬರದಿದ್ದರೆ ಹೆಜ್ಜೆ ಹೇಗೆ ತಪ್ಪುತ್ತದೆ ಅಂತ ನಿನಗೆ ಹೇಳಬೇಕಿಲ್ಲ. ಅವರು ವರ್ಷಗಟ್ಟಲೆ ಸಾಲು ಸರಿಮಾಡಿಕೊಳ್ಳುತ್ತಲೇ ನಡೆದರು.

1993ರಲ್ಲಿ ಕ್ಲಿಂಟನ್ ಅಧ್ಯಕ್ಷನಾದಾಗ ಪ್ರಮಾಣವಚನದ ಮೆರವಣಿಗೆಯಲ್ಲಿ ಈ ಒಕ್ಕೂಟಕ್ಕೂ ನುಡಿಸುವ ಅವಕಾಶ ಸಿಕ್ಕಿತು. ಆದರೆ ದಾರಿ ಪಕ್ಕ ನಿಂತು. ನಡೆಯುವಂತಿಲ್ಲ. ಮಾರ್ಚಿಂಗ್ ಬ್ಯಾಂಡಿಗೆ ನಿಂತುಕೋ ಅನ್ನುವುದು ಎಂಥ ತಮಾಷೆ, ಅಲ್ವಾ? 2009ರ ಜನವರಿ 20ರಂದು ಒಬಾಮಾ ಪ್ರಮಾಣವಚನದ ಮೆರವಣಿಗೆಯಲ್ಲಿ ಕೊನೆಗೂ ನಡೆದರು. ಆ ಚಳಿಯಲ್ಲಿ ಹಿತ್ತಾಳೆ ತುಟಿಗಿಟ್ಟರೆ ಏನಾಗುತ್ತದೆ ಅಂತ ಡಿಸೆಂಬರ್‌ನ ಬೆಳಗಿನ ಪರೇಡಿನಲ್ಲಿ ಬ್ಯೂಗಲ್ ಊದಿದ ನನಗೆ ಸ್ವಲ್ಪ ಗೊತ್ತು. ಅವರದು ಅದರ ಹತ್ತರಷ್ಟು ಇದ್ದಿರಬೇಕು.

ನಮ್ಮ ಬೆಂಗಳೂರಿನಲ್ಲೂ ನಿಮ್ಮವರ ಮೆರವಣಿಗೆ 2008ರಿಂದ ನಡೆಯುತ್ತಿದೆ. ಈ ಸಲ ಹೋಗೋಣ. ನಿನ್ನ ಡ್ರಮ್ ಇನ್ನೂ ಅಟ್ಟದ ಮೇಲಿದ್ದರೆ ಇಳಿಸಿ ಚರ್ಮ ಬಿಗಿ ಮಾಡಿಸಿಡು. ಅಥವಾ ಬೇಡ, ಅದನ್ನು ನಾನು ಹೊರುತ್ತೇನೆ. ನೀನು ಒಂದು ಕೋಲು ತಗೋ.

ನಿನ್ನ ಹಳೆಯ ಬ್ಯೂಗಲ್