ಮೀಟರ್ ನೋಡಿ ಬೆಲೆ ಕಟ್ಟಬೇಡಿ

ಮಾನ್ಯ ಸಂಪಾದಕರೇ,

‘2013 ಮಾಡೆಲ್, ಸಿಂಗಲ್ ಓನರ್, 9 ಸಾವಿರ ಕಿ.ಮೀ. ಮಾತ್ರ ಓಡಿದೆ.’ ಹಳೆಯ ಬೈಕುಗಳ ಜಾಹೀರಾತಿನಲ್ಲಿ ಇಂಥ ಸಾಲು ಕಂಡರೆ ಕೊಳ್ಳುವವರು ಐದು-ಹತ್ತು ಸಾವಿರ ಹೆಚ್ಚು ಕೊಡಲೂ ತಯಾರಾಗುತ್ತಾರೆ. ಕಿಲೋಮೀಟರ್ ಕಡಿಮೆ ಎಂದರೆ ಎಂಜಿನ್ ಹೆಚ್ಚು ಸವೆದಿಲ್ಲ, ಅಷ್ಟೇ. ರಬ್ಬರ್, ಬ್ರೇಕ್ ಆಯಿಲ್, ಬ್ಯಾಟರಿ, ಟ್ಯಾಂಕಿನಲ್ಲಿ ಉಳಿದ ಪೆಟ್ರೋಲ್ ಇವೆಲ್ಲ ಕೆಡುವುದು ಕಳೆದ ವರ್ಷಗಳ ಲೆಕ್ಕದಲ್ಲಿ. ದಿನವೂ ಓಡಿ ಹೊತ್ತಿಗೆ ಸರಿಯಾಗಿ ಸರ್ವಿಸ್ ಕಂಡ ಗಾಡಿಗಿಂತ, ಷೆಡ್ಡಿನಲ್ಲಿ ನಾಲ್ಕು ಮಳೆಗಾಲ ಕಳೆದ ಗಾಡಿಯೇ ಗ್ಯಾರೇಜಿನಲ್ಲಿ ಹೆಚ್ಚು ದಿನ ಕೂರುತ್ತದೆ. ಜಾಹೀರಾತು ಕೊಡುವವರಿಂದ ಕೊನೆಯ ಸರ್ವಿಸ್ ಆದ ತಿಂಗಳು ಮತ್ತು ಆರ್‌ಸಿ (ನೋಂದಣಿ ಪತ್ರ) ಅವಧಿ ಮುಗಿಯುವ ದಿನಾಂಕ, ಇವೆರಡನ್ನು ಪತ್ರಿಕೆಯೇ ಕೇಳಿ ಹಾಕಿದರೆ ಓದುಗರಿಗೆ ದೊಡ್ಡ ಉಪಕಾರ. ಅಲ್ಲಿಯವರೆಗೆ ಕೊಳ್ಳುವವರೇ ನೋಡಿಕೊಳ್ಳಬೇಕಾದ ಕೆಲವು ಸಂಗತಿಗಳು ಇಲ್ಲಿವೆ.

ಮೊದಲು, ಮೀಟರ್ ನಿಜ ಹೇಳುತ್ತಿದೆಯೇ? ಕೇಬಲ್ ಮೀಟರಿನ ಗಾಡಿಯಲ್ಲಿ ಮುಂದಿನ ಚಕ್ರದ ಹತ್ತಿರ ಕೇಬಲ್ ಬಿಚ್ಚಿಟ್ಟರೆ ಎಷ್ಟು ಓಡಿಸಿದರೂ ಅಂಕಿ ಕದಲುವುದಿಲ್ಲ. ಆದರೆ ಫುಟ್‌ರೆಸ್ಟಿನ ರಬ್ಬರ್, ಗೇರ್ ಲಿವರಿನ ತುದಿ, ಬ್ರೇಕ್ ಪೆಡಲ್, ಕಿಕ್ಕರ್ ರಬ್ಬರ್ ಸುಳ್ಳು ಹೇಳುವುದಿಲ್ಲ. ಒಂಬತ್ತು ಸಾವಿರ ಓಡಿದ ಗಾಡಿಯಲ್ಲಿ ಇವುಗಳ ಗೆರೆ ಅಳಿಸಿರಬಾರದು, ಚೈನ್ ಕೂರುವ ಹಿಂದಿನ ಸ್ಪ್ರಾಕೆಟ್ಟಿನ ಹಲ್ಲು ಮೊನಚಾಗಿರಬಾರದು, ಬ್ರೇಕ್ ಡಿಸ್ಕಿನ ಅಂಚಿನಲ್ಲಿ ಬೆರಳಿಗೆ ಏಣು ಸಿಗಬಾರದು. ಟೈರಿನ ಬದಿಯಲ್ಲಿ ನಾಲ್ಕು ಅಂಕಿಯ ಗುರುತಿರುತ್ತದೆ: 3213 ಎಂದಿದ್ದರೆ 2013ರ 32ನೇ ವಾರ ತಯಾರಾದದ್ದು. ಗಾಡಿಯ ವರ್ಷದ್ದೇ ಟೈರು ಇನ್ನೂ ಇದ್ದರೆ ಕಿಲೋಮೀಟರ್ ನಿಜವಿರಬಹುದು. ಆದರೆ ಆ ಟೈರಿನ ಮೇಲೆ ಮನೆಗೆ ಓಡಿಸಿಕೊಂಡು ಹೋಗಬೇಡಿ. ಗೆರೆ ಎಷ್ಟೇ ಆಳವಿದ್ದರೂ ಹತ್ತು ವರ್ಷದ ರಬ್ಬರ್ ಗಟ್ಟಿಯಾಗಿ, ಒದ್ದೆ ರಸ್ತೆಯಲ್ಲಿ ಹಿಡಿತ ಬಿಟ್ಟಿರುತ್ತದೆ. ಸರ್ವಿಸ್ ಪುಸ್ತಕ ಕಳೆದಿದೆ ಎಂದರೆ ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಗಾಡಿ ನಂಬರ್ ಕೊಟ್ಟು ವಿಚಾರಿಸಿ, ಹಳೆಯ ಜಾಬ್ ಕಾರ್ಡುಗಳಲ್ಲಿ ಆಯಾ ಸಲದ ಕಿಲೋಮೀಟರ್ ಬರೆದಿರುತ್ತಾರೆ. ಯಮಹಾ ಆರ್‌ಎಕ್ಸ್ 100 ತಯಾರಿ ನಿಂತದ್ದೇ 1996ರಲ್ಲಿ. ಅದರ ಮೀಟರ್ 12 ಸಾವಿರ ತೋರಿಸುತ್ತಿದ್ದರೆ ಸುಮ್ಮನೆ ನಕ್ಕು ಮುಂದಿನ ಮಾತಾಡುವುದು ಒಳ್ಳೆಯದು.

ನಿಂತ ಗಾಡಿಯಲ್ಲಿ ಹೆಚ್ಚಿನ ತೊಂದರೆ ಹುಟ್ಟುವುದು ಪೆಟ್ರೋಲಿನಿಂದ. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರಿನ ಬಟ್ಟಲಿನಲ್ಲಿ ಉಳಿದ ಪೆಟ್ರೋಲ್ ಕೆಲವು ತಿಂಗಳಲ್ಲಿ ಆವಿಯಾಗಿ ಅಂಟಂಟಾದ ಪದರ ಬಿಡುತ್ತದೆ. ಅದು ಮೊದಲು ಕಟ್ಟುವುದು ಕೂದಲೆಳೆಯಷ್ಟು ತೂತಿನ ಪೈಲಟ್ ಜೆಟ್ಟನ್ನು, ಅಂದರೆ ಆಕ್ಸಿಲರೇಟರ್ ಬಿಟ್ಟಾಗ ಪೆಟ್ರೋಲ್ ಕೊಡುವ ನಳಿಕೆಯನ್ನು. ಚೋಕ್ ಎಳೆದರೆ ಸ್ಟಾರ್ಟ್ ಆಗುತ್ತದೆ, ಬಿಟ್ಟರೆ ಆಫ್ ಆಗುತ್ತದೆ, ಆಕ್ಸಿಲರೇಟರ್ ಹಿಡಿದೇ ಇರಬೇಕು ಎಂದರೆ ಇದೇ ರೋಗ. ಕ್ಲೀನರ್ ಸ್ಪ್ರೇ ಹೊಡೆದು ಗಾಳಿ ಹಾಕಿ ಬಿಡಿಸಬೇಕೇ ಹೊರತು ತಂತಿ ತೂರಿಸಬಾರದು. ತೂತು ಒಂದಿಷ್ಟು ಅಗಲವಾದರೂ ಐಡ್ಲಿಂಗ್ (ಆಕ್ಸಿಲರೇಟರ್ ಬಿಟ್ಟಾಗಿನ ಎಂಜಿನ್ ಓಟ) ಮತ್ತೆ ಹಿಡಿತಕ್ಕೆ ಬರುವುದಿಲ್ಲ. ಕಾರ್ಬ್ಯುರೇಟರಿಗೂ ಎಂಜಿನ್ನಿಗೂ ನಡುವಿನ ರಬ್ಬರ್ ಬಿರುಕು ಬಿಟ್ಟಿದ್ದರೂ ಐಡ್ಲಿಂಗ್ ಏರಿಳಿಯುತ್ತದೆ. ಗಾಡಿ ಚಾಲೂ ಇರುವಾಗ ಆ ಜಾಗಕ್ಕೆ ಸ್ವಲ್ಪ ಸ್ಪ್ರೇ ಹೊಡೆದಾಗ ಶಬ್ದ ಬದಲಾದರೆ ಅಲ್ಲಿ ಗಾಳಿ ಎಳೆಯುತ್ತಿದೆ ಎಂದರ್ಥ (ಎಂಜಿನ್ ಕಾದಿದ್ದಾಗ ಈ ಪರೀಕ್ಷೆ ಬೇಡ, ಬೆಂಕಿ ಹಿಡಿಯಬಹುದು).

ಟ್ಯಾಂಕಿನ ಮುಚ್ಚಳ ತೆಗೆಸಿ ಟಾರ್ಚ್ ಬಿಟ್ಟು ನೋಡಿ. ಅರ್ಧ ಖಾಲಿ ಟ್ಯಾಂಕಿನ ಒಳಗೋಡೆಯಲ್ಲಿ ತೇವ ಕಟ್ಟಿ ತುಕ್ಕು ಹಿಡಿಯುತ್ತದೆ. ಈಗ ಬಂಕಿನಲ್ಲಿ ಸಿಗುವುದು ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ, ನೀರು ಮಿತಿಮೀರಿದರೆ ಎರಡೂ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. 2023ಕ್ಕಿಂತ ಹಿಂದಿನ ಬಹುತೇಕ ಗಾಡಿಗಳ ಪೈಪು, ವಾಷರ್‌ಗಳು ಈ ಮಿಶ್ರಣವನ್ನು ಲೆಕ್ಕದಲ್ಲಿಟ್ಟು ಮಾಡಿದವಲ್ಲ. ಆದ್ದರಿಂದ ಪೆಟ್ರೋಲ್ ಪೈಪನ್ನು ನೋಡಿ ಯೋಚಿಸುವ ಬದಲು ಹೊಸದನ್ನೇ ಹಾಕಿಸಿ. ಒಳಗೆ ಕೆಂಪು ಪುಡಿ ಉದುರುವ ಟ್ಯಾಂಕಿದ್ದರೆ ಕಾರ್ಬ್ಯುರೇಟರ್ ಎಷ್ಟು ಸಲ ತೊಳೆದರೂ ಪ್ರಯೋಜನವಿಲ್ಲ.

ಗಾಡಿ ನೋಡಲು ಹೋದ ಕೂಡಲೇ ಎಂಜಿನ್ ಮೇಲೆ ಕೈಯಿಟ್ಟು ನೋಡಿ. ಬೆಚ್ಚಗಿದ್ದರೆ ನೀವು ಬರುವ ಮುನ್ನ ಸ್ಟಾರ್ಟ್ ಮಾಡಿಟ್ಟಿದ್ದಾರೆ. ಇನ್ನೊಂದು ದಿನ ಬೆಳಿಗ್ಗೆ ಹೋಗಿ. ತಣ್ಣನೆಯ ಎಂಜಿನ್ ಸ್ಟಾರ್ಟ್ ಆದಾಗ ಒಂದು ಸಲ ನೀಲಿ ಹೊಗೆ ಬಂದು ನಿಂತರೆ ವಾಲ್ವ್ ಸೀಲ್ ಗಟ್ಟಿಯಾಗಿದೆ, ಅದು ಸಣ್ಣ ಕೆಲಸ. ಬಿಡದೆ ಬರುತ್ತಿದ್ದರೆ ಪಿಸ್ಟನ್ ರಿಂಗ್ ಅಥವಾ ಸಿಲಿಂಡರಿನ ಬೋರ್ ಸವೆದಿದೆ, ಅದು ದೊಡ್ಡ ಖರ್ಚು. ವರ್ಷಗಟ್ಟಲೆ ಸ್ಟಾರ್ಟೇ ಆಗದ ಗಾಡಿಯಾದರೆ ‘ಒಂದು ಕಿಕ್ ಹೊಡೆದು ನೋಡೋಣ’ ಎನ್ನಬೇಡಿ. ಪ್ಲಗ್ ಬಿಚ್ಚಿ ಒಂದು ಟೀ ಚಮಚ ಎಂಜಿನ್ ಆಯಿಲ್ ಬಿಟ್ಟು, ಸ್ವಲ್ಪ ಹೊತ್ತು ಕಾದು, ಕೈಯಿಂದ ಕಿಕ್ಕರನ್ನು ನಿಧಾನವಾಗಿ ಒತ್ತಿ. ಸಿಲಿಂಡರಿನಲ್ಲಿ ತುಕ್ಕಿದ್ದರೆ ಒಣ ರಿಂಗು ಮೊದಲ ಒದೆತಕ್ಕೇ ಗೆರೆ ಎಳೆಯುತ್ತದೆ. ಟೂ ಸ್ಟ್ರೋಕ್ ಗಾಡಿಗಳಲ್ಲಿ ಕ್ರ್ಯಾಂಕಿನ ಎರಡೂ ಬದಿಯ ಆಯಿಲ್ ಸೀಲ್ ಒಣಗಿರುತ್ತದೆ. ಮ್ಯಾಗ್ನೆಟ್ ಕಡೆಯದು ಹೋದರೆ ಗಾಳಿ ಎಳೆದು ಪಿಸ್ಟನ್ ಜಾಮ್ ಆಗುತ್ತದೆ, ಕ್ಲಚ್ ಕಡೆಯದು ಹೋದರೆ ಗೇರ್ ಆಯಿಲ್ ಸುಟ್ಟು ದಟ್ಟ ಬಿಳಿ ಹೊಗೆ ಬರುತ್ತದೆ. ಏರ್ ಫಿಲ್ಟರ್ ಪೆಟ್ಟಿಗೆಯನ್ನೂ ತೆರೆಸಿ. ಹಳೆಯ ಸ್ಪಂಜು ಮುಟ್ಟಿದರೆ ಪುಡಿಯಾಗುವಂತಿದ್ದರೆ ಆ ಪುಡಿ ಎಂಜಿನ್ನಿಗೇ ಹೋಗುತ್ತದೆ. ಇಲಿ ಗೂಡು ಸಿಕ್ಕಿದರೆ ಸೀಟಿನಡಿಯ ವೈರಿಂಗ್ ಕಡೆಗೂ ಕಣ್ಣು ಹಾಯಿಸಿ.

ಮುಂದಿನ ಚಕ್ರ ಹಿಡಿದಿರುವ ಫೋರ್ಕಿನ ಹೊಳೆಯುವ ಕೊಳವೆಯ ಮೇಲೆ ಉಗುರು ಆಡಿಸಿ ನೋಡಿ. ತುಕ್ಕಿನ ಚುಕ್ಕೆ ಉಗುರಿಗೆ ಸಿಕ್ಕರೆ ಹೊಸ ಸೀಲ್ ಹಾಕಿದರೂ ತಿಂಗಳಲ್ಲಿ ಹರಿಯುತ್ತದೆ. ಕಾರವಾರ, ಉಡುಪಿ, ಮಂಗಳೂರಿನ ಉಪ್ಪುಗಾಳಿ ತಿಂದ ಗಾಡಿಗಳಲ್ಲಿ ಇದು ಸಾಮಾನ್ಯ. ಕಲಬುರಗಿ, ವಿಜಯಪುರದ ಬಿಸಿಲಿನಲ್ಲಿ ನಿಂತವುಗಳಲ್ಲಿ ತುಕ್ಕು ಕಡಿಮೆ, ಬಿರುಕು ಬಿಟ್ಟ ರಬ್ಬರ್ ಜಾಸ್ತಿ. ಸೆಂಟರ್ ಸ್ಟ್ಯಾಂಡ್ ಹಾಕಿ ಮುಂದಿನ ಚಕ್ರ ಎತ್ತಿ ಹ್ಯಾಂಡಲ್ ಮೆಲ್ಲಗೆ ತಿರುಗಿಸಿದಾಗ ನಡುವೆ ಕಚ್ಚಿಕೊಂಡಂತಾದರೆ ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಬದಲಿಸಬೇಕು. ಚಕ್ರ ಕೈಯಲ್ಲಿ ಸುಲಭವಾಗಿ ತಿರುಗದಿದ್ದರೆ ಡಿಸ್ಕ್ ಬ್ರೇಕಿನ ಪಿಸ್ಟನ್ ಸಿಕ್ಕಿಕೊಂಡಿರಬಹುದು. ಡ್ರಮ್ ಬ್ರೇಕಿನಲ್ಲಿ ಹಳೆಯ ಶೂ ಮೇಲಿನ ಲೈನಿಂಗ್ ಅಂಟು ಬಿಟ್ಟು ಕಿತ್ತುಬರುವುದುಂಟು. ದಪ್ಪ ಸಾಕಷ್ಟಿದೆ ಎಂದು ಬಿಡಬಾರದು. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಾಗಬೇಕಾದದ್ದು, ಅದೂ ತೇವ ಹೀರುತ್ತದೆ.

150 ಸಿಸಿ ಗಾಡಿಗೆ ಎರಡು ಟೈರು, ಟ್ಯೂಬು, ಬ್ಯಾಟರಿ, ಚೈನ್ ಸ್ಪ್ರಾಕೆಟ್ ಸೆಟ್, ಫೋರ್ಕ್ ಸೀಲ್, ಬ್ರೇಕ್ ಕೆಲಸ, ಕೇಬಲ್‌ಗಳು, ಆಯಿಲ್, ಕೂಲಿ ಎಲ್ಲ ಸೇರಿ ಸುಮಾರು 12ರಿಂದ 15 ಸಾವಿರ ರೂಪಾಯಿ ಹಿಡಿಯುತ್ತದೆ. ಇದನ್ನು ಕಳೆದು ಬೆಲೆ ಮಾತಾಡಿ. ಮಾರುವವರು ‘ಬ್ಯಾಟರಿ ಒಂದು ಹಾಕಿದರೆ ಸಾಕು’ ಎನ್ನುತ್ತಾರೆ, ಯಾವಾಗಲೂ. ಕೊಂಡ ಮೇಲೆ ಹಾಕಿಸಿದ ಮೊದಲ ಆಯಿಲನ್ನು 500 ಕಿ.ಮೀ.ಗೇ ಬದಲಿಸಿ, ಒಳಗಿನ ಹಳೆಯ ಕೆಸರು ಅದರೊಂದಿಗೆ ಹೊರಬೀಳಲಿ.

ಕಾಗದಪತ್ರದಲ್ಲಿ ಎಡವುವವರೇ ಜಾಸ್ತಿ. ಸ್ವಂತ ಬಳಕೆಯ ಬೈಕಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. 2012ರ ಗಾಡಿಗೆ 2027 ಗಡುವು. ಆಮೇಲೆ ಆರ್‌ಟಿಒ ಕಚೇರಿಯಲ್ಲಿ ಗಾಡಿ ತೋರಿಸಿ ಐದು ವರ್ಷಕ್ಕೆ ನವೀಕರಿಸಬೇಕು, ಹಸಿರು ತೆರಿಗೆಯನ್ನೂ ಕಟ್ಟಬೇಕು. ಚಾಸಿ ಮತ್ತು ಎಂಜಿನ್ ನಂಬರನ್ನು ಆರ್‌ಸಿಯೊಂದಿಗೆ ಅಕ್ಷರಕ್ಕೆ ಅಕ್ಷರ ಹೋಲಿಸಿ. ಸಾಲದ ನಮೂದು ಇನ್ನೂ ಇದ್ದರೆ ಬ್ಯಾಂಕಿನ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಮತ್ತು ಆ ನಮೂದು ತೆಗೆಸುವ ಫಾರಂ 35 ಸಿಗುವವರೆಗೆ ಮುಂಗಡ ಕೊಡಬೇಡಿ. ಬಾಕಿ ದಂಡಗಳನ್ನು ಮಾರುವವರೇ ಕಟ್ಟಲಿ. ಹೆಸರು ವರ್ಗಾವಣೆಯ ಫಾರಂ 29 ಮತ್ತು 30ಕ್ಕೆ ಖಾಲಿ ಸಹಿ ಹಾಕಿಸಿಕೊಂಡು ‘ಆಮೇಲೆ ಹೆಸರು ಬದಲಿಸೋಣ’ ಎಂದು ಗಾಡಿ ಕೈಬದಲಾಯಿಸುವ ಪದ್ಧತಿ ಇನ್ನೂ ಹೋಗಿಲ್ಲ. ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನದಲ್ಲಿ, ಕೊಂಡವರು 30 ದಿನದಲ್ಲಿ ಆರ್‌ಟಿಒಗೆ ತಿಳಿಸಬೇಕೆಂಬುದು ಕಾನೂನು. ವಿಮೆಯನ್ನು ಹೆಸರಿಗೆ ಮಾಡಿಸಿಕೊಳ್ಳಲು 14 ದಿನ. ಅಪಘಾತವಾದರೆ ನೋಟಿಸು ಹೋಗುವುದು ಆರ್‌ಸಿಯಲ್ಲಿ ಹೆಸರಿರುವವರ ಮನೆಗೆ. ಹಾಗಾಗಿ ಈ ಅವಸರ ಕೊಳ್ಳುವವರಿಗಿಂತ ಮಾರುವವರಿಗೇ ಹೆಚ್ಚಿರಬೇಕು.

– ಒಬ್ಬ ದ್ವಿಚಕ್ರ ವಾಹನ ಮೆಕ್ಯಾನಿಕ್, ದಾವಣಗೆರೆ