ಶಿಲ್ಕು ಹೋಗಿ ‘ಬಾಕಿ’ ಬಂತು: ಹುಬ್ಬಳ್ಳಿ ಶಾಖೆಯ ಭಾಷೆ ಕುರಿತು ಬ್ಯಾಂಕಿಗೆ ದೂರು

ಇವರಿಂದ:
ಉಳಿತಾಯ ಖಾತೆದಾರರು, ಹುಬ್ಬಳ್ಳಿ ಶಾಖೆ

ಇವರಿಗೆ:
ಮಹಾಪ್ರಬಂಧಕರು, ಗ್ರಾಹಕ ಸೇವಾ ವಿಭಾಗ, ಪ್ರಧಾನ ಕಚೇರಿ

ವಿಷಯ: ಫಾರಂ, ಎಸ್ಸೆಮ್ಮೆಸ್, ಆ್ಯಪ್ ಮತ್ತು ಸಹಾಯವಾಣಿಯಲ್ಲಿ ಕನ್ನಡದ ಜಾಗಕ್ಕೆ ಹಿಂದಿ ಬಂದಿರುವ ಬಗ್ಗೆ.

ಮಾನ್ಯರೆ,

ಶಾಖೆಯ ಕೌಂಟರಿನಲ್ಲಿ ಈಗ ಸಿಗುವ ವಿಥ್‌ಡ್ರಾ ಸ್ಲಿಪ್ಪು, ಹಣ ತುಂಬುವ ಚಲನ್ ಎರಡರಲ್ಲೂ ಹಿಂದಿ, ಇಂಗ್ಲಿಷ್ ಬಿಟ್ಟರೆ ಬೇರೆ ಅಕ್ಷರವಿಲ್ಲ. ಮೂರು ಭಾಷೆಯ ಹಳೆಯ ಕಟ್ಟು ತೀರಿದ ಮೇಲೆ ಬಂದ ಹೊಸ ಅಚ್ಚು ಇದು. ಕೇಳಿದರೆ “ಮೇಲಿನಿಂದಲೇ ಹೀಗೆ ಬಂದಿದೆ, ರಾಜಭಾಷಾ ನಿಯಮ” ಎನ್ನುತ್ತಾರೆ.

ಕೇಂದ್ರ ಕಚೇರಿಗಳಲ್ಲಿ ಹಿಂದಿ ಬಳಕೆ ಕುರಿತ 1976ರ ರಾಜಭಾಷಾ ನಿಯಮಗಳು ಕರ್ನಾಟಕವನ್ನು ಹಿಂದಿಯೇತರ ರಾಜ್ಯಗಳ ‘ಗ’ ವಲಯದಲ್ಲಿ ಇಟ್ಟಿವೆ. ಕೇಂದ್ರ ಕಚೇರಿಗಳ ನಮೂನೆಗಳಲ್ಲಿ ಹಿಂದಿ, ಇಂಗ್ಲಿಷ್ ಇರಬೇಕು ಎಂದಿವೆಯೇ ಹೊರತು ಕನ್ನಡ ತೆಗೆಯಿರಿ ಎಂದು ಎಲ್ಲಿಯೂ ಹೇಳಿಲ್ಲ. ಇನ್ನು ರಿಸರ್ವ್ ಬ್ಯಾಂಕು 2015ರ ಜುಲೈ 1ರಂದು ಹೊರಡಿಸಿದ ಗ್ರಾಹಕ ಸೇವೆಯ ಮಾಸ್ಟರ್ ಸುತ್ತೋಲೆ. ಖಾತೆ ತೆರೆಯುವ ಫಾರಂ, ಚಲನ್, ಪಾಸ್‌ಬುಕ್ಕು ಮುಂತಾಗಿ ಸಾಮಾನ್ಯ ಗ್ರಾಹಕರ ಕೈಗೆ ಬರುವ ಅಚ್ಚಿನ ಕಾಗದವೆಲ್ಲ ಇಂಗ್ಲಿಷ್, ಹಿಂದಿ ಮತ್ತು ಆಯಾ ಪ್ರಾದೇಶಿಕ ಭಾಷೆ ಮೂರರಲ್ಲೂ ಇರಬೇಕೆಂದು ಅದರಲ್ಲಿದೆ. ಚೆಕ್ಕನ್ನು ಗ್ರಾಹಕರು ಪ್ರಾದೇಶಿಕ ಭಾಷೆಯಲ್ಲಿ ಬರೆಯಬಹುದೆಂದೂ ಅದೇ ಸುತ್ತೋಲೆ ಹೇಳುತ್ತದೆ. ಹೀಗಿದ್ದೂ ಮೊತ್ತವನ್ನು ಕನ್ನಡದಲ್ಲಿ ಬರೆದ ಚೆಕ್ಕನ್ನು ನಿಮ್ಮ ಕೌಂಟರಿನಲ್ಲಿ ಹಿಂದಕ್ಕೆ ಕೊಡುತ್ತಿದ್ದಾರೆ.

ಖಾತೆಯ ಎಸ್ಸೆಮ್ಮೆಸ್ ಕನ್ನಡದಲ್ಲಿ ಏಕಿಲ್ಲ ಎಂದರೆ ಶಾಖೆ ಕೊಟ್ಟ ಉತ್ತರ ಖರ್ಚಿನದು: ಕನ್ನಡ ಸಂದೇಶ ದುಬಾರಿಯಂತೆ. ಅರ್ಧ ನಿಜ. ಇಂಗ್ಲಿಷ್ ಸಂದೇಶವೊಂದರಲ್ಲಿ 160 ಅಕ್ಷರ ಹಿಡಿಯುತ್ತವೆ. ಕನ್ನಡದಂಥ ಲಿಪಿಗೆ ಬೇಕಾದ ಯೂನಿಕೋಡಿಗೆ ಬಂದರೆ 70 ಮಾತ್ರ, ಉದ್ದವಾಗಿ ತುಂಡಾದರೆ ತುಂಡಿಗೆ 67. ಸ್ವರಚಿಹ್ನೆ, ಹಲಂತಗಳೂ ಲೆಕ್ಕಕ್ಕೆ ಬರುತ್ತವೆ. ‘ಹುಬ್ಬಳ್ಳಿ’ ನೋಡಲು ಮೂರಕ್ಷರ, ಎಣಿಕೆಯಲ್ಲಿ ಒಂಬತ್ತು. ಆದರೆ ದೇವನಾಗರಿಯೂ ಯೂನಿಕೋಡೇ, ಅದಕ್ಕೂ ಅದೇ 70. ಇದೇ ಶಾಖೆಯ ಖಾತೆಗಳಿಗೆ ಹಿಂದಿ ಸಂದೇಶ ಕಳಿಸುವಾಗ ಆಗದ ಹೊರೆ ಕನ್ನಡಕ್ಕೆ ಮಾತ್ರ ಹೇಗೆ ಆಗುತ್ತದೆ? ಕಂಪನಿಗಳು ತಮ್ಮ ಎಸ್ಸೆಮ್ಮೆಸ್ ನಮೂನೆಗಳನ್ನು ಮೊದಲೇ ದಾಖಲಿಸುವ ಡಿಎಲ್‌ಟಿ ವ್ಯವಸ್ಥೆಯಲ್ಲಿ ಪ್ರಾದೇಶಿಕ ಭಾಷೆಯ ಟೆಂಪ್ಲೇಟ್ ನೋಂದಾಯಿಸಲು ಅಡ್ಡಿಯಿಲ್ಲ. ಅದನ್ನು ನೋಂದಾಯಿಸಿ, ಖಾತೆಯಲ್ಲಿ ಈಗಾಗಲೇ ಇರುವ ‘ಭಾಷೆ’ ಎಂಬ ಕಾಲಂ ನೋಡಿ ಕಳಿಸಿದರೆ ಮುಗಿಯಿತು.

ಆ್ಯಪ್‌ನಲ್ಲಿ ಕನ್ನಡ ಇದೆ ಎಂದು ನೀವು ಹೇಳಬಹುದು. ಇದೆ, ಇಲ್ಲದಿದ್ದರೇ ವಾಸಿಯಿತ್ತು. ಠೇವಣಿಯ ಪುಟದಲ್ಲಿ ‘ಆಸಕ್ತಿ ದರ’ ಎಂದಿದೆ. ಬಡ್ಡಿ ಎಂಬ ಮಾತು ನಿಮ್ಮ ಅನುವಾದದ ಯಂತ್ರಕ್ಕೆ ಗೊತ್ತಿಲ್ಲ. ಮುಖಪುಟದಲ್ಲಿ ‘ನಿಮ್ಮ ಬಾಕಿ ₹12,400’. ಈ ಭಾಗದಲ್ಲಿ ಬಾಕಿ ಎಂದರೆ ಇನ್ನೂ ಕೊಡಬೇಕಾದ ಹಣ. ಪೀಕಸಾಲ (ಬೆಳೆಸಾಲ) ಇದ್ದವರು ಇದನ್ನು ಓದಿ ಗಾಬರಿಯಾಗಿ ಶಾಖೆಗೆ ಓಡಿ ಬರುತ್ತಾರೆ. ಖಾತೆಯಲ್ಲಿ ಉಳಿದದ್ದಕ್ಕೆ ಶಿಲ್ಕು ಎಂಬ ಪದವಿದೆ. ಕಿರ್ದಿ (ದಿನದ ಲೆಕ್ಕದ ಪುಸ್ತಕ) ಬರೆಯುವ ಯಾವ ಪತ್ತಿನ ಸಂಘದ ಗುಮಾಸ್ತರನ್ನಾದರೂ ಕೇಳಿ, ಆರಂಭ ಶಿಲ್ಕು, ಅಖೈರು ಶಿಲ್ಕು, ಜಮೆ, ನಾವೆ ಎಂದು ಪಟಪಟ ಹೇಳುತ್ತಾರೆ. 1905ರಲ್ಲೇ ಸಹಕಾರಿ ಪತ್ತಿನ ಸಂಘ ಕಟ್ಟಿದ ಗದಗ ಸೀಮೆಯ ಕಣಗಿನಹಾಳ ಇಲ್ಲಿಂದ ದೂರವೇನಲ್ಲ. ಲೆಕ್ಕದ ಕನ್ನಡವನ್ನು ಹೊಸದಾಗಿ ಹುಟ್ಟಿಸಬೇಕಿಲ್ಲ.

ಇವೆರಡೂ ನಗೆಯಲ್ಲಿ ಹೋಗಲಿ. ಮೂರನೆಯದು ಹಾಗಲ್ಲ: ನಾಮಿನಿ ಇರಬೇಕಾದಲ್ಲಿ ‘ವಾರಸುದಾರ’ ಎಂದಿದೆ. ಖಾತೆದಾರರು ತೀರಿಕೊಂಡಾಗ ಬ್ಯಾಂಕಿನಿಂದ ಹಣ ಪಡೆಯುವ ಅಧಿಕಾರವಷ್ಟೇ ನಾಮಿನಿಯದು. ಹಣದ ಹಕ್ಕು ವಾರಸುದಾರರದು. ಈ ಪುಟ ನಂಬಿ ಒಬ್ಬ ಮಗನ ಹೆಸರು ತುಂಬಿದ ಮನೆಯಲ್ಲಿ ನಾಳೆ ಅಣ್ಣತಮ್ಮಂದಿರು ಕೋರ್ಟ್ ಮೆಟ್ಟಿಲು ಹತ್ತಿದರೆ ಅದಕ್ಕೆ ಈ ಒಂದು ಪದ ಸಾಕು. ‘ನಾಮನಿರ್ದೇಶಿತರು’ ಎನ್ನಿ, ಇಲ್ಲವೇ ‘ನಾಮಿನಿ’ ಎಂದೇ ಬಿಡಿ. ಜನಕ್ಕೆ ತಿಳಿಯುತ್ತದೆ.

ಸಹಾಯವಾಣಿಯಲ್ಲಿ ಕನ್ನಡಕ್ಕೆ 3 ಒತ್ತಿದರೆ ಮೆನು ಕನ್ನಡದಲ್ಲೇ ಕೇಳುತ್ತದೆ, ಆದರೆ ‘ಪ್ರತಿನಿಧಿಯೊಂದಿಗೆ ಮಾತನಾಡಲು 9’ ಒತ್ತಿದ ಮೇಲೆ ಹಿಂದಿ. ಆಯ್ದ ಭಾಷೆ ಮೆನುವಿನಲ್ಲೇ ಉಳಿದು ಕರೆಯ ಸಾಲಿಗೆ ದಾಟುತ್ತಿಲ್ಲ ಎಂಬುದು ಇದರಲ್ಲೇ ತೋರುತ್ತದೆ. ಕನ್ನಡ ಬಲ್ಲ ಸಿಬ್ಬಂದಿಯ ಸಾಲನ್ನು ಬೇರೆ ಮಾಡಿ ಜೋಡಿಸದೆ ಇದು ಸರಿಹೋಗದು. ಕಾರ್ಡ್ ಬ್ಲಾಕ್ ಮಾಡಿಸಬೇಕಾದವರಿಗೆ ಒಂದೊಂದು ನಿಮಿಷವೂ ದುಡ್ಡು.

ಹಿಂದಿಯ ಮೇಲೆ ನಮಗೆ ಮುನಿಸಿಲ್ಲ. ದಕ್ಷಿಣ ಭಾರತ ಹಿಂದಿ ಪ್ರಚಾರ ಸಭೆಯ ಕರ್ನಾಟಕ ಶಾಖೆ ಧಾರವಾಡದಲ್ಲೇ ಇದೆ. ಪ್ರಾಥಮಿಕದಿಂದ ಪ್ರವೀಣದವರೆಗೆ ಇಷ್ಟಪಟ್ಟು ಅದರ ಪರೀಕ್ಷೆ ಕಟ್ಟಿದವರು ಈ ಊರುಗಳ ಮನೆಮನೆಯಲ್ಲಿದ್ದಾರೆ. ಅದು ಕಲಿಕೆ. ಸ್ವಂತ ದುಡ್ಡು ತೆಗೆಯಲು ವಿಥ್‌ಡ್ರಾ ಸ್ಲಿಪ್ಪಿನ ಮೇಲಿನ ‘ಆಹರಣ್ ಪರ್ಚಿ’ಯ ಅರ್ಥವನ್ನು ಪಕ್ಕದವರ ಹತ್ತಿರ ಕೇಳುವಂತೆ ಮಾಡುವುದು ಬೇರೆ. ಪ್ರತಿ ಸೆಪ್ಟೆಂಬರ್ 14ಕ್ಕೆ ನೀವು ಕಟ್ಟುವ ಹಿಂದಿ ದಿವಸದ ಬ್ಯಾನರಿನ ಕೆಳಗೇ ಆ ಸ್ಲಿಪ್ಪಿನ ಡಬ್ಬಿ ಇದೆ.

ಮೂರು ಭಾಷೆಯ ಸ್ಲಿಪ್ಪು, ಚಲನ್ ಅಚ್ಚಾಗಿ ಬರುವವರೆಗೆ ಕನ್ನಡದಲ್ಲಿ ತುಂಬಿದ ಮಾದರಿಯೊಂದನ್ನು ಕೌಂಟರಿನ ಮೇಲೆ ಅಂಟಿಸಬೇಕು. ಅದು ಇವತ್ತೇ ಆಗುವ ಕೆಲಸ. ಕನ್ನಡ ಚೆಕ್ಕು ಸ್ವೀಕರಿಸುವಂತೆ ಶಾಖೆಗೆ ಲಿಖಿತ ಸೂಚನೆ ಹೋಗಬೇಕು. ಆ್ಯಪ್‌ನ ಮೂರು ಪದಗಳನ್ನು ಮುಂದಿನ ಅಪ್‌ಡೇಟಿನಲ್ಲೇ ತಿದ್ದಿ, ಮೊದಲು ‘ವಾರಸುದಾರ’. 30 ದಿನದೊಳಗೆ ಉತ್ತರ ಬಾರದಿದ್ದರೆ ಈ ಪತ್ರವನ್ನೇ ಲಗತ್ತಿಸಿ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಸಲ್ಲಿಸುತ್ತೇವೆ. ನಿಮ್ಮ ಉತ್ತರವೂ ಕನ್ನಡದಲ್ಲಿರಲಿ.

ಇಂತಿ,
ಖಾತೆದಾರರು, ಹುಬ್ಬಳ್ಳಿ

ಲಗತ್ತು: ಹೊಸ ಸ್ಲಿಪ್ಪು ಮತ್ತು ಚಲನ್ ತಲಾ ಒಂದು, ಹಳೆಯ ಮೂರು ಭಾಷೆಯ ಸ್ಲಿಪ್ಪು ಒಂದು, ಆ್ಯಪ್‌ನ ಮೂರು ಪುಟಗಳ ಚಿತ್ರ.